ಮುಪ್ಪು ಮತ್ತು ಮರಣ: ಒಂದು ಜೀವಶಾಸ್ತ್ರೀಯ ವಿವೇಚನೆ

ಹುಟ್ಟಿದ ಜೀವಿಗೆ ಸಾವು ತಪ್ಪದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಸಾವಿಗೆ ಮುನ್ನ ಮುಪ್ಪು ಏಕೆ ಬರಬೇಕು, ಒಂದು ಜೀವಿಗೆ ಒಂದೇ ಋತುವಿನ ಆಯುಸ್ಸು, ಮತ್ತೊಂದಕ್ಕೆ ಸಾವಿರಾರು ವರ್ಷಗಳ ಆಯುಸ್ಸು ಏಕೆ ದೊರೆಯಬೇಕು ಎಂಬುದು ಸುಲಭವಾಗಿ ಬಿಡಿಸಲಾಗದ ಒಗಟು. ಬಸವಣ್ಣನವರ ಪ್ರಸಿದ್ಧ ವಚನವೊಂದು ಮುಪ್ಪಿನ ಕುರುಹುಗಳನ್ನು ಒಂದೊಂದಾಗಿ ಎಣಿಸಿ, ಅವು ಮೈದೋರುವ ಮೊದಲೇ ಪೂಜೆಗೆ ತೊಡಗಬೇಕೆಂದು ಎಚ್ಚರಿಸುತ್ತದೆ. ಆ ಕುರುಹುಗಳನ್ನು ಕಂಡು ಚಿಂತಿಸಿದವರು ಎಲ್ಲ ಕಾಲದಲ್ಲಿಯೂ ಇದ್ದರು. ಅವುಗಳ ಕಾರಣವನ್ನು ಪ್ರಯೋಗ ಪರೀಕ್ಷೆಗಳಿಂದ ಶೋಧಿಸುವ ಶಾಸ್ತ್ರ ಮಾತ್ರ ಕಳೆದ ಸುಮಾರು ನೂರೈವತ್ತು ವರ್ಷಗಳಲ್ಲಿ ಬೆಳೆದುದು.

ಲೋಕರೂಢಿಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳುಂಟು. ಬಂಡಿಯ ಗಾಲಿ ಸವೆಯುವಂತೆ ದೇಹವೂ ಸವೆಯುತ್ತದೆ ಎಂಬುದು ಮೊದಲನೆಯದು. ಹಣ್ಣೆಲೆ ಉದುರದೆ ಚಿಗುರಿಗೆ ಎಡೆಯಿಲ್ಲ. ಮುಂದಿನವರಿಗೆ ಎಡೆಮಾಡಿಕೊಡಲೆಂದೇ ಪ್ರಕೃತಿ ಹಿಂದಿನವರನ್ನು ಮುಪ್ಪಾಗಿಸಿ ತೆಗೆಯುತ್ತದೆ ಎಂಬುದು ಎರಡನೆಯದು. ಈ ಎರಡನೆಯ ಮಾತನ್ನು ಮನೆಯ ವೃದ್ಧರಿಗೆ ಅನ್ವಯಿಸಿ, ಅವರ ಕಾಲ ಮುಗಿಯಿತೆಂದು ಆಡುವವರೂ ಉಂಟು. ಆದುದರಿಂದ ಅದು ಎಷ್ಟರಮಟ್ಟಿಗೆ ನಿಜವೆಂದು ಪರಿಶೀಲಿಸುವುದು ಕೇವಲ ಪಾಂಡಿತ್ಯದ ವಿಷಯವಲ್ಲ; ನಡೆನುಡಿಗೂ ಸಂಬಂಧಿಸಿದ ವಿಷಯ.

ಅತ್ತಿಗುಂಡಿಯ ಗಿರಿಪಾರ್ಶ್ವ

ಈ ಪರಿಶೀಲನೆಗೆ ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿರುವ ಅತ್ತಿಗುಂಡಿಯ ಪರಿಸರ ಅತ್ಯಂತ ಅನುಕೂಲವಾದುದು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಒಳಗೊಂಡ ಚಂದ್ರದ್ರೋಣ ಪರ್ವತಶ್ರೇಣಿಯ ಮಡಿಲಲ್ಲಿರುವ ಈ ಊರಿನ ಸುತ್ತ ನೆರಳುಮರಗಳ ಕೆಳಗೆ ಅರೇಬಿಕಾ ಕಾಫಿ ಬೆಳೆಯುತ್ತದೆ. ಬಾಬಾ ಬುಡನ್ ಅವರು 17ನೆಯ ಶತಮಾನದಲ್ಲಿ ಮೋಖಾದಿಂದ ಏಳು ಕಾಫಿಬೀಜಗಳನ್ನು ತಂದು ಬಿತ್ತಿದರೆಂದು ಪರಂಪರೆ ಹೇಳುವುದು ಈ ಗಿರಿಯನ್ನು ಕುರಿತೇ. ತೋಟಗಳ ಮೇಲೆ ಕಣಿವೆಗಳಲ್ಲಿ ಶೋಲಾ ಕಾಡುಗಳೂ ಅವುಗಳ ನಡುವೆ ವಿಸ್ತಾರವಾದ ಹುಲ್ಲುಗಾವಲುಗಳೂ ಹಬ್ಬಿವೆ. ಮನೆಯ ಹಿತ್ತಿಲಿನ ಬಾಳೆ, ತೋಟದ ಕಾಫಿ, ಅದಕ್ಕೆ ನೆರಳೀಯುವ ಮರ, ಗಿರಿಯ ಇಳಿಜಾರಿನ ಕುರಿಂಜಿ ಇವೆಲ್ಲವೂ ಒಂದೇ ಮಳೆಯಲ್ಲಿ ನೆನೆಯುತ್ತವೆ. ಆದರೆ ಒಂದೊಂದರ ಆಯುಸ್ಸಿನ ರೀತಿ ಒಂದೊಂದು ಬಗೆ.

2022ರ ಮಳೆಗಾಲದ ಕೊನೆಯಲ್ಲಿ ಈ ಗಿರಿಪಾರ್ಶ್ವಗಳು ನೀಲಿಯಾದುವು. ಹನ್ನೆರಡು ವರ್ಷಗಳಿಗೊಮ್ಮೆ ಅರಳುವುದೆಂದು ಹೆಸರಾದ ಕುರಿಂಜಿಯನ್ನು ಕಾಣಲು ನಾಡಿನ ನಾನಾ ಕಡೆಗಳಿಂದ ಜನ ಬಂದರು. ಕುರಿಂಜಿಯು ಸ್ಟ್ರೋಬಿಲಾಂತಸ್ ಎಂಬ ದೊಡ್ಡ ಕುಲಕ್ಕೆ ಸೇರಿದುದು. ಮಲೆನಾಡಿನ ಕೆಲವೆಡೆ ಈ ಕುಲದ ಗಿಡಗಳನ್ನು ಗುರಿಗೆ ಎನ್ನುತ್ತಾರೆ. ಈ ಕುಲದ ಕೆಲವು ಜಾತಿಗಳು ವರ್ಷವರ್ಷವೂ ಹೂಬಿಡುತ್ತವೆ. ಉತ್ತರದ ಸಹ್ಯಾದ್ರಿಯ ಕಾರ್ವಿ ಸುಮಾರು ಎಂಟು ವರ್ಷಕ್ಕೊಮ್ಮೆ ಹೂಬಿಡುತ್ತದೆ. ನೀಲಗಿರಿ, ಮುನ್ನಾರ್ ಬೆಟ್ಟಗಳ ನೀಲಕುರಿಂಜಿ 2006ರಲ್ಲಿಯೂ 2018ರಲ್ಲಿಯೂ ಅರಳಿತು. ನೋಡಬಂದವರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಹನ್ನೆರಡು ವರ್ಷ ಕಾದು ಅರಳುವ ಈ ಗಿಡ ಬೀಜ ಮಾಗಿದ ಮೇಲೆ ಬದುಕುವುದಿಲ್ಲ. ಅದರ ಮೊದಲ ಹೂವೇ ಕೊನೆಯ ಹೂವು.

ಒಮ್ಮೆ ಹೂತು ಅಳಿಯುವ ಸಸ್ಯಗಳು

ಈ ಬಗೆಯ ಬಾಳು ಕುರಿಂಜಿಯೊಂದಕ್ಕೇ ಮೀಸಲಲ್ಲ. ಬತ್ತ, ರಾಗಿಗಳು ಒಂದು ಬೆಳೆಗಾಲದಲ್ಲಿ ಮುಗಿಸುವ ಕ್ರಮವನ್ನೇ ಹೆಬ್ಬಿದಿರು ನಾಲ್ವತ್ತು-ಐವತ್ತು ವರ್ಷಗಳಲ್ಲಿ ಮುಗಿಸುತ್ತದೆ. ಮಲೆನಾಡಿಗರು ಬಿದಿರಕ್ಕಿ ಆಯುವುದು ಅದರ ಅಂತ್ಯಕಾಲದಲ್ಲಿ. ಬೇಲಿಯ ಕತ್ತಾಳೆಯೂ ಹಲವು ವರ್ಷ ಎಲೆಗಳಲ್ಲಿ ಆಹಾರವನ್ನು ಕೂಡಿಟ್ಟು, ಒಮ್ಮೆ ಎತ್ತರದ ಹೂಗಂಬವನ್ನು ಎತ್ತಿ ಒಣಗುತ್ತದೆ. ಎಲ್ಲಕ್ಕಿಂತ ಭವ್ಯವಾದ ನಿದರ್ಶನ ಶ್ರೀತಾಳೆ. ಮೂವತ್ತರಿಂದ ಎಂಬತ್ತು ವರ್ಷ ಬೆಳೆದ ಮೇಲೆ ಅದರ ನೆತ್ತಿಯಲ್ಲಿ ಸಸ್ಯಲೋಕದಲ್ಲಿಯೇ ಅತಿ ದೊಡ್ಡದೆನಿಸಿದ ಹೂಗೊಂಚಲು ಮೂಡುತ್ತದೆ. ಅದರಲ್ಲಿ ಲಕ್ಷಾಂತರ ಹೂಗಳು. ಕಾಯಿ ಬಲಿಯಲು ಸುಮಾರು ಒಂದು ವರ್ಷ. ಕಾಯಿ ಉದುರಿದ ಮೇಲೆ ಮರ ಸಾಯುತ್ತದೆ.

ಇಲ್ಲಿ ನಡೆಯುವುದೇನು? ಬಹುಕಾಲ ಬಾಳುವ ಮರದಲ್ಲಿ ಕೆಲವು ಮೊಗ್ಗುಗಳು ಹೂವಾದರೆ ಕೆಲವು ಮೊಗ್ಗುಗಳು ಮುಂದಿನ ವರ್ಷದ ರೆಂಬೆ ಎಲೆಗಳಿಗಾಗಿ ಉಳಿಯುತ್ತವೆ. ಒಮ್ಮೆ ಹೂತು ಅಳಿಯುವ ಸಸ್ಯದಲ್ಲಿ ಬೆಳೆಯುವ ತುದಿಗಳು ಹೂವಾಗಿ ಮಾರ್ಪಡುತ್ತವೆ. ಮುಂದಿನ ಬೆಳವಣಿಗೆಗೆ ಮೊಳೆ ಉಳಿಯುವುದಿಲ್ಲ. ಎಲೆ ಕಾಂಡಗಳಲ್ಲಿದ್ದ ಸಾರಜನಕ ಮೊದಲಾದ ಪೋಷಕಾಂಶಗಳು ಬೀಜಗಳತ್ತ ಹರಿಯುತ್ತವೆ. ಸೋಯಾ ಗಿಡದ ಕಾಯಿಗಳನ್ನು ಎಳೆಯದಾಗಿಯೇ ಕಿತ್ತುಹಾಕಿದರೆ ಎಲೆಗಳು ಬೇಗ ಹಳದಿಯಾಗುವುದಿಲ್ಲವೆಂಬುದು ಪ್ರಯೋಗಸಿದ್ಧ. ಸಾಸಿವೆಯ ಬಳಗಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡ ಕೆಲವೇ ವಾರಗಳಲ್ಲಿ ಹೂತು ಸಾಯುವಂಥದು. 2008ರಲ್ಲಿ ವಿಜ್ಞಾನಿಗಳು ಅದರ ಎರಡು ವಂಶವಾಹಿಗಳನ್ನು ನಿಷ್ಕ್ರಿಯಗೊಳಿಸಿದಾಗ ಅದು ಕಾಂಡ ಬಲಿತು, ಮತ್ತೆ ಮತ್ತೆ ಹೂಬಿಡುವ ಬಹುವಾರ್ಷಿಕ ಗಿಡದಂತೆ ಬೆಳೆಯಿತು. ಇಂಥ ಗಿಡಗಳ ಮರಣ ಸವೆತದ ಫಲವಲ್ಲ. ಅದು ಬೆಳವಣಿಗೆಯ ಕ್ರಮದಲ್ಲಿಯೇ ಅಡಕವಾದುದು.

ಹಾಗಾದರೆ ಸಸ್ಯಕ್ಕೆ ಇದರಿಂದ ಲಾಭವೇನು? ಬಿದಿರು ಈ ಪ್ರಶ್ನೆಗೆ ಉತ್ತರಿಸುತ್ತದೆ. ವರ್ಷವರ್ಷವೂ ಅಷ್ಟಿಷ್ಟು ಬೀಜ ಬಿಟ್ಟರೆ ಇಲಿ, ಹೆಗ್ಗಣ, ಹಕ್ಕಿಗಳು ಅದನ್ನೆಲ್ಲ ತಿಂದು ಮುಗಿಸುತ್ತವೆ. ಕಾಡಿನ ಬಿದಿರೆಲ್ಲ ದಶಕಗಳ ಕಾಲ ಬರಿಗೈಯಾಗಿದ್ದು, ಒಮ್ಮೆಲೇ ಬೀಜವನ್ನು ಸುರಿದರೆ ತಿನ್ನುವ ಬಾಯಿಗಳೆಲ್ಲ ತಣಿದ ಮೇಲೂ ಮೊಳೆಯಲು ಬೀಜ ಉಳಿಯುತ್ತದೆ. ಮಿಜೋರಾಮಿನಲ್ಲಿ ಸುಮಾರು 48 ವರ್ಷಗಳಿಗೊಮ್ಮೆ ಬಿದಿರು ಹೂತಾಗ ಇಲಿಗಳು ಮಿತಿಮೀರಿ ಹೆಚ್ಚಿ, ಬೀಜ ಮುಗಿದ ಮೇಲೆ ಹೊಲಗಳಿಗೆ ನುಗ್ಗಿ, 1959ರಲ್ಲಿ ಭೀಕರ ಕ್ಷಾಮ ಒದಗಿತು. 2007ರ ಸುಮಾರಿಗೆ ಮತ್ತೆ ಅದೇ ಹಾವಳಿ ಕಾಣಿಸಿತು. ಒಟ್ಟಾಗಿ ಒಮ್ಮೆಗೆ ಮಾಡುವ ವೆಚ್ಚವು ಬಿಡಿಬಿಡಿಯಾಗಿ ಮಾಡುವ ವೆಚ್ಚಕ್ಕಿಂತ ಹೆಚ್ಚು ಸಂತಾನವನ್ನು ಉಳಿಸುವ ಕಡೆಯಲ್ಲಿ, ತನ್ನದೆಲ್ಲವನ್ನೂ ಒಮ್ಮೆಗೇ ವ್ಯಯಿಸಿ ಅಳಿಯುವ ಸಸ್ಯಗಳ ಪೀಳಿಗೆಯೇ ಮುಂದುವರಿಯುತ್ತದೆ.

ಹಿತ್ತಿಲಿನ ಬಾಳೆಯನ್ನು ಮಾತ್ರ ಈ ಸಾಲಿನಲ್ಲಿ ಎಚ್ಚರದಿಂದ ಇರಿಸಬೇಕು. ಗೊನೆ ಬಿಟ್ಟ ಬಾಳೆ ಸಾಯುತ್ತದೆಂಬುದು ನಿಜ. ಆದರೆ ನಾವು ಕಾಂಡವೆಂದು ಕರೆಯುವುದು ಎಲೆಯ ಬುಡಗಳು ಒಂದನ್ನೊಂದು ಸುತ್ತಿಕೊಂಡ ದಿಂಡು. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಗೊನೆ ಬಿಟ್ಟ ದಿಂಡು ಕೊಳೆತರೂ ಗೆಡ್ಡೆಯಿಂದೆದ್ದ ಕಂದುಗಳು ಅದೇ ಜೀವದ ಮುಂದುವರಿಕೆ. ಬಾಳೆಗೆ ಸಾವು ಬಂದಿತೆ ಇಲ್ಲವೆ ಎಂಬುದು ಯಾವುದನ್ನು ‘ಒಂದು ಬಾಳೆ’ ಎನ್ನುತ್ತೇವೆ ಎಂಬುದನ್ನು ಅವಲಂಬಿಸಿದೆ.

ಸವೆತದ ವಾದ

ಇನ್ನು ಮೊದಲನೆಯ ಉತ್ತರವನ್ನು ನೋಡಬೇಕು. ಬಂಡಿಯ ಗಾಲಿಗೂ ಜೀವದೇಹಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಗಾಲಿ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ದೇಹವಾದರೋ ಗಾಯವನ್ನು ಮಾಯಿಸಿಕೊಳ್ಳುತ್ತದೆ, ಮುರಿದ ಮೂಳೆಯನ್ನು ಕೂಡಿಸಿಕೊಳ್ಳುತ್ತದೆ, ಕೆಂಪು ರಕ್ತಕಣಗಳನ್ನು ಸುಮಾರು ನಾಲ್ಕು ತಿಂಗಳಿಗೊಮ್ಮೆ ಹೊಸದಾಗಿಸಿಕೊಳ್ಳುತ್ತದೆ. ಇಳುವರಿ ಕುಂದಿದ ಹಳೆಯ ಕಾಫಿಗಿಡವನ್ನು ನೆಲದಿಂದ ಸುಮಾರು ಒಂದಡಿ ಎತ್ತರಕ್ಕೆ ಕಡಿದರೆ ಬುಡದಿಂದ ಕಂಬಚಿಗುರು ಒಡೆಯುತ್ತದೆ. ಅದರಲ್ಲಿ ಒಳ್ಳೆಯದನ್ನು ಉಳಿಸಿಕೊಂಡು ಬೆಳೆಗಾರರು ಹಳೆಯ ಬೇರಿನ ಮೇಲೆ ಹೊಸ ಗಿಡವನ್ನು ಪಡೆಯುತ್ತಾರೆ. ಬಿಳಿ ಕಾಂಡಕೊರಕ ಹೊಕ್ಕ ಗಿಡ ಒಣಗುವುದು ಬೇರೆಯ ಮಾತು. ಅದು ಹೊರಗಿನಿಂದ ಬಂದ ಸಾವು, ಮುಪ್ಪಲ್ಲ.

ಬೆಂಗಳೂರಿನ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಸುಮಾರು 400 ವರ್ಷ ಎನ್ನುತ್ತಾರೆ. ಅದರ ಮೂಲ ಕಾಂಡ ರೋಗದಿಂದ ಅಳಿದರೂ ಬಿಳಲುಗಳೇ ಕಂಬಗಳಾಗಿ ಮರವನ್ನು ಹೊತ್ತಿವೆ. ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ 4,800 ವರ್ಷ ಮೀರಿದ ಪೈನ್ ಮರಗಳುಂಟು. ಕೊಳದ ನೀರಿನಲ್ಲಿ ಬಾಳುವ, ಕೆಲವು ಮಿಲಿಮೀಟರ್ ಉದ್ದದ ಹೈಡ್ರಾ ಎಂಬ ಪ್ರಾಣಿಯನ್ನು ನಾಲ್ಕು ವರ್ಷ ಸಾಕಿ ನೋಡಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಅದರಲ್ಲಿ ಮುಪ್ಪಿನ ಲಕ್ಷಣ ಕಾಣಲಿಲ್ಲ. ಅದರ ದೇಹದ ಕೋಶಗಳು ಸದಾ ಹೊಸದಾಗುತ್ತಿರುತ್ತವೆ. ಸವೆತವೆಂಬುದು ಎಲ್ಲ ಜೀವಿಗಳಿಗೂ ಉಂಟು. ಆದರೆ ಸವೆದುದನ್ನು ಸರಿಪಡಿಸಿಕೊಳ್ಳುವ ಶಕ್ತಿ ಕೆಲವು ಜೀವಿಗಳಲ್ಲಿ ಏಕೆ ಬೇಗ ಕುಂದುತ್ತದೆ ಎಂಬುದೇ ವಿವರಿಸಬೇಕಾದ ವಿಷಯ.

ಸಾವು ದೇಹದ ಒಳಗೇ, ದೇಹದ ಹಿತಕ್ಕಾಗಿಯೇ ನಡೆಯುವುದೂ ಉಂಟು. ಎಲೆ ಉದುರುವುದನ್ನೇ ನೋಡಬಹುದು. ಮರವು ಮೊದಲು ಹಣ್ಣೆಲೆಯ ಸತ್ವವನ್ನು ಬಹುಮಟ್ಟಿಗೆ ಹಿಂದಕ್ಕೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ಒಂದು ಪದರವನ್ನು ಸಡಿಲಗೊಳಿಸಿ, ಬಳಿಕ ಎಲೆಯನ್ನು ಬೀಳಗೊಡುತ್ತದೆ. ಪ್ರಾಣಿದೇಹದ ಜೀವಕೋಶಗಳಲ್ಲಿಯೂ ಇಂಥ ಕ್ರಮಬದ್ಧ ಮರಣವುಂಟೆಂದು ಗುರುತಿಸಿದ ವಿಜ್ಞಾನಿಗಳು 1972ರಲ್ಲಿ ಅದಕ್ಕೆ ‘ಅಪಾಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದು ಎಲೆ, ಎಸಳುಗಳ ಉದುರುವಿಕೆಯನ್ನು ಸೂಚಿಸುವ ಪದ. ಗರ್ಭಸ್ಥ ಶಿಶುವಿನ ಕೈಬೆರಳುಗಳು ಬಿಡಿಬಿಡಿಯಾಗುವುದು ಅವುಗಳ ನಡುವಣ ಕೋಶಗಳು ಹೀಗೆ ಸಾಯುವುದರಿಂದ. ಒಂದು ಮಿಲಿಮೀಟರ್ ಉದ್ದದ ದುಂಡುಹುಳುವೊಂದರ ದೇಹ ರೂಪುಗೊಳ್ಳುವಾಗ ಹುಟ್ಟುವ 1,090 ಕೋಶಗಳಲ್ಲಿ 131 ಕೋಶಗಳು ತಪ್ಪದೆ ಸಾಯುತ್ತವೆ. ಈ ಶೋಧಕ್ಕೆ ಸಂಬಂಧಿಸಿದಂತೆ ಬ್ರೆನರ್, ಹಾರ್ವಿಟ್ಸ್, ಸಲ್ಸ್‌ಟನ್ ಅವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಕೋಶಗಳ ಆಯುಸ್ಸಿಗೂ ಎಲ್ಲೆಯುಂಟು. 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ಎಂಬ ಅಮೆರಿಕನ್ ವಿಜ್ಞಾನಿಗಳು, ಮನುಷ್ಯರ ಸಾಮಾನ್ಯ ಕೋಶಗಳು ಪ್ರಯೋಗಶಾಲೆಯಲ್ಲಿ ಸುಮಾರು 50 ಸಲ ಇಬ್ಬಾಗವಾದ ಮೇಲೆ ಇಬ್ಬಾಗವಾಗುವುದನ್ನು ನಿಲ್ಲಿಸುತ್ತವೆ ಎಂದು ತೋರಿಸಿದರು. ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿದೆ. ಪ್ರತಿ ವಿಭಜನೆಯಲ್ಲಿಯೂ ಅದು ತುಸು ಮೊಟಕಾಗುತ್ತದೆ. ಅದನ್ನು ಕುರಿತ ಶೋಧಕ್ಕೆ ಬ್ಲ್ಯಾಕ್‌ಬರ್ನ್, ಗ್ರೈಡರ್, ಜೋಸ್ಟಾಕ್ ಅವರು 2009ರ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೆ ಇದೊಂದೇ ಮುಪ್ಪಿನ ಬೀಗದಕೈಯಲ್ಲ. ಇಲಿಯ ಟೆಲೊಮಿಯರ್ ಮನುಷ್ಯನದಕ್ಕಿಂತ ಉದ್ದ. ಇಲಿಯ ಆಯುಸ್ಸಾದರೋ ಎರಡು-ಮೂರು ವರ್ಷ. ಎಲ್ಲೆಯಿಲ್ಲದೆ ಇಬ್ಬಾಗವಾಗುವ ಕೋಶಗಳು ಕ್ಯಾನ್ಸರ್ ಕೋಶಗಳು. ಆದುದರಿಂದ ಕೋಶಗಳಿಗಿರುವ ಈ ಎಲ್ಲೆ ದೇಹಕ್ಕೆ ಒಂದು ಬಗೆಯ ಕಾವಲೂ ಅಹುದು.

ಎಡೆಮಾಡಿಕೊಡುವ ವಾದ

ಹಿಂದಿನವರು ಮುಂದಿನವರಿಗೆ ಎಡೆಮಾಡಿಕೊಡಲೆಂದೇ ಮುಪ್ಪು ಬಂದಿತೆಂಬ ವಾದವನ್ನು ಶಾಸ್ತ್ರೀಯವಾಗಿ ಮಂಡಿಸಿದವರು ಜರ್ಮನಿಯ ಆಗಸ್ಟ್ ವೈಸ್‌ಮನ್. 1881ರ ಉಪನ್ಯಾಸವೊಂದರಲ್ಲಿ ಅವರು ಸವೆದ ಜೀವಿಗಳನ್ನು ತೆಗೆದುಹಾಕುವುದು ಕುಲಕ್ಕೆ ಹಿತವೆಂದು ವಾದಿಸಿದರು. ಈ ವಾದದಲ್ಲಿ ಎರಡು ದೋಷಗಳಿವೆ. ಜೀವಿಗಳು ಮೊದಲೇ ಸವೆದಿರುತ್ತವೆಂದು ಹಿಡಿದುಕೊಂಡು, ಸವೆತದ ಕಾರಣವನ್ನು ಅದರಿಂದಲೇ ವಿವರಿಸುವುದು ಒಂದು ದೋಷ. ಎರಡನೆಯದು ಇನ್ನೂ ಮುಖ್ಯ. ಕಾಡಿನ ಬಹುಪಾಲು ಪ್ರಾಣಿಗಳು ಮುಪ್ಪಿನವರೆಗೆ ಬಾಳುವುದೇ ಇಲ್ಲ. ಹಸಿವು, ರೋಗ, ಬೇಟೆಗಳಿಗೆ ಸಿಕ್ಕಿ ಮೊದಲೇ ಸಾಯುತ್ತವೆ. ಎಡೆ ಮಾಡಿಕೊಡುವ ಕೆಲಸವನ್ನು ಹುಲಿಯೂ ಬರವೂ ಮಾಡಿ ಮುಗಿಸಿರುವಾಗ ಅದಕ್ಕಾಗಿ ಮುಪ್ಪೆಂಬ ಬೇರೊಂದು ಏರ್ಪಾಡು ಬೇಕಾಗಿಲ್ಲ.

ಈ ಎರಡನೆಯ ಸಂಗತಿಯಲ್ಲಿಯೇ ನಿಜವಾದ ಉತ್ತರದ ಬೀಜವಿತ್ತು. ಅದನ್ನು ಕಂಡವರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಮೊದಲಿಗರು, 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ಕಾಲವಾದ ವಿಜ್ಞಾನಿಯೇ ಅವರು. ಹಂಟಿಂಗ್‌ಟನ್ ರೋಗವೆಂಬ ಕ್ರೂರವಾದ ಆನುವಂಶಿಕ ವ್ಯಾಧಿ ಸಾಮಾನ್ಯವಾಗಿ ಮಧ್ಯವಯಸ್ಸಿನಲ್ಲಿ ತಲೆದೋರುತ್ತದೆ. ಅಷ್ಟರಲ್ಲಿ ರೋಗಿಗೆ ಮಕ್ಕಳಾಗಿರುತ್ತವೆ. ದೋಷವು ಅವರಿಗೆ ಸಂದಿರುತ್ತದೆ. ಆದುದರಿಂದ ನೈಸರ್ಗಿಕ ಆಯ್ಕೆ ಅದನ್ನು ಸುಲಭವಾಗಿ ತೊಡೆಯಲಾರದು ಎಂದು ಹಾಲ್ಡೇನ್ 1941ರಲ್ಲಿ ಸೂಚಿಸಿದರು. ಪೀಟರ್ ಮೆಡಾವರ್ 1951ರ ಲಂಡನ್ ಉಪನ್ಯಾಸದಲ್ಲಿ ಈ ಸೂಚನೆಯನ್ನು ವಿಸ್ತರಿಸಿದರು. ಎಳೆಯ ವಯಸ್ಸಿನಲ್ಲಿ ಕೊಲ್ಲುವ ದೋಷವು ಸಂತಾನಕ್ಕೆ ದಾಟದೆ ಅಳಿಯುತ್ತದೆ. ಕೆಲವರೇ ಬಾಳಿ ತಲಪುವ ವಯಸ್ಸಿನಲ್ಲಿ ಕೊಲ್ಲುವ ದೋಷವಾದರೋ ತಡೆಯಿಲ್ಲದೆ ಪೀಳಿಗೆಯಿಂದ ಪೀಳಿಗೆಗೆ ಇಳಿದುಬಂದು ಶೇಖರವಾಗುತ್ತದೆ. ಈ ಶೇಖರವೇ ಮುಪ್ಪು.

ಚಂದ್ರದ್ರೋಣದ ತಪ್ಪಲಿಗೆ ಹೊಂದಿಕೊಂಡ ಭದ್ರಾ ಅಭಯಾರಣ್ಯದ ಆನೆಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಆನೆಗೆ ದವಡೆಹಲ್ಲುಗಳು ಒಂದಾದ ಮೇಲೊಂದರಂತೆ ಸಾಮಾನ್ಯವಾಗಿ ಆರು ಸಲ ಬರುತ್ತವೆ. ಒಂದು ಸವೆದಂತೆ ಹಿಂದಿನಿಂದ ಮತ್ತೊಂದು ಮುಂದಕ್ಕೆ ಸರಿಯುತ್ತದೆ. ಅರುವತ್ತು-ಎಪ್ಪತ್ತರ ಪ್ರಾಯದಲ್ಲಿ ಆರನೆಯದೂ ಸವೆದ ಆನೆ ಮೇವನ್ನು ಅರೆಯಲಾರದೆ ಕ್ಷೀಣಿಸುತ್ತದೆ. ಐದು ಸಲ ಹೊಸ ಹಲ್ಲನ್ನು ಕೊಟ್ಟ ದೇಹ ಏಳನೆಯದನ್ನು ಏಕೆ ಕೊಡಲಿಲ್ಲ? ಆ ಪ್ರಾಯದವರೆಗೆ ಬದುಕಿ, ಮತ್ತೂ ಮರಿಹಾಕುತ್ತಿದ್ದ ಆನೆಗಳು ತೀರ ವಿರಳವಾಗಿದ್ದುದರಿಂದ, ಏಳನೆಯ ಹಲ್ಲು ಬೆಳೆಸುವ ಗುಣ ಕುಲದಲ್ಲಿ ನೆಲೆಗೊಳ್ಳಲು ಅವಕಾಶವೇ ಒದಗಲಿಲ್ಲ. ಪ್ರಕೃತಿ ಆನೆಯನ್ನು ಕೊಲ್ಲಲು ಬಯಸಿತೆಂಬುದಲ್ಲ. ಅಲ್ಲಿಂದಾಚೆಗೆ ಅದನ್ನು ಕಾಯುವ ಏರ್ಪಾಡು ಬೆಳೆಯಲಿಲ್ಲವೆಂಬುದು ನಿಜ.

1957ರಲ್ಲಿ ಜಾರ್ಜ್ ವಿಲಿಯಮ್ಸ್ ಇನ್ನೊಂದು ಅಂಶವನ್ನು ಕೂಡಿಸಿದರು. ಯೌವನದಲ್ಲಿ ಉಪಕಾರಿಯಾದ ಗುಣವೇ ಮುಪ್ಪಿನಲ್ಲಿ ಅಪಕಾರಿಯಾಗಬಹುದು. ಎಲುಬಿಗೆ ಬೇಗ ಸುಣ್ಣದಂಶ ಸೇರಿಸುವ ಗುಣವೊಂದಿದ್ದರೆ ಅದು ಬೆಳೆಯುವ ವಯಸ್ಸಿನಲ್ಲಿ ಹಿತ. ಅದೇ ಗುಣ ಮುಂದೆ ರಕ್ತನಾಳಗಳ ಗೋಡೆಯಲ್ಲಿಯೂ ಸುಣ್ಣದಂಶವನ್ನು ಸೇರಿಸಿದರೆ ಅಹಿತ. ಯೌವನದ ಲಾಭ ಹೆಚ್ಚು ಜನಕ್ಕೆ ದೊರೆಯುವುದರಿಂದ ಗುಣ ಉಳಿಯುತ್ತದೆ. ಮುಪ್ಪಿನ ನಷ್ಟ ಅದರ ಬೆನ್ನಿಗೆ ಅಂಟಿಕೊಂಡು ಬರುತ್ತದೆ.

ಓಲೆ ಮತ್ತು ಪ್ರತಿ

ಈ ವಿಚಾರಗಳೆಲ್ಲವನ್ನೂ ಒಂದೆಡೆ ಸೇರಿಸಿ ಸ್ಪಷ್ಟಗೊಳಿಸಿದವರು ಇಂಗ್ಲೆಂಡಿನ ಥಾಮಸ್ ಕರ್ಕ್‌ವುಡ್. 1977ರಲ್ಲಿ ಅವರು ಮುಂದಿಟ್ಟ ಸಿದ್ಧಾಂತವನ್ನು ಸಾಹಿತ್ಯಾಭ್ಯಾಸಿಗಳು ಓಲೆಗರಿಯ ದೃಷ್ಟಾಂತದಿಂದ ಸುಲಭವಾಗಿ ಗ್ರಹಿಸಬಹುದು. ಮೇಲೆ ಹೇಳಿದ ಶ್ರೀತಾಳೆಯ ಗರಿಯನ್ನು ಬೇಯಿಸಿ, ಒಣಗಿಸಿ, ನಯಗೊಳಿಸಿ, ಕಂಟದಿಂದ ಕೊರೆದು, ಮಸಿ ಪೂಸಿ ನಮ್ಮ ಹಿರಿಯರು ಗ್ರಂಥಗಳನ್ನು ಬರೆದರು. ಎಷ್ಟೇ ಎಚ್ಚರದಿಂದ ಕಾಪಾಡಿದರೂ ಗೆದ್ದಲು, ನುಸಿ, ತೇವಗಳಿಗೆ ಸಿಕ್ಕಿ ಓಲೆಗರಿ ಕೆಲವು ಶತಮಾನಗಳಲ್ಲಿ ಶಿಥಿಲವಾಗುತ್ತದೆ. 12ನೆಯ ಶತಮಾನದ ಶರಣರ ಕಾಲದ ಓಲೆಗಳು ಉಳಿದುಬಂದಿಲ್ಲ, ವಚನಗಳು ಉಳಿದುಬಂದಿವೆ. ಪ್ರೌಢದೇವರಾಯನ ಕಾಲದ ಸಂಕಲನಕಾರರೂ ಅವರ ಮುಂದಿನ ಲಿಪಿಕಾರರೂ ಹಳೆಯ ಓಲೆ ಅಳಿಯುವ ಮುನ್ನ ಹೊಸ ಓಲೆಗೆ ಪ್ರತಿಮಾಡಿದುದರಿಂದಲೇ, 1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಲು ಸಾಧ್ಯವಾಯಿತು.

ಜೀವಲೋಕದಲ್ಲಿ ಗ್ರಂಥದ ಸ್ಥಾನದಲ್ಲಿರುವುದು ಬೀಜಕೋಶಗಳಲ್ಲಿ ಹರಿದುಬರುವ ಡಿಎನ್‌ಎ. ಓಲೆಯ ಸ್ಥಾನದಲ್ಲಿರುವುದು ದೇಹ. ಜೀವಿಗೆ ದೊರೆಯುವ ಆಹಾರ, ಶಕ್ತಿಗಳು ಪರಿಮಿತ. ಅವುಗಳಲ್ಲಿ ಒಂದಂಶವನ್ನು ದೇಹವೆಂಬ ಓಲೆಯ ದುರಸ್ತಿಗೂ ಒಂದಂಶವನ್ನು ಹೊಸ ಪ್ರತಿಯ ಸಿದ್ಧತೆಗೂ ಹಂಚಬೇಕು. ಇಲಿಯಂತೆ ನಾಳೆ ಬದುಕಿರುವ ಭರವಸೆಯಿಲ್ಲದ ಪ್ರಾಣಿ ಓಲೆಯ ದುರಸ್ತಿಗೆ ಬಹಳ ವೆಚ್ಚಮಾಡಿ ಫಲವಿಲ್ಲ. ಬೇಗ ಬೇಗ ಪ್ರತಿಮಾಡುವುದೇ ಅದರ ದಾರಿ. ಅಪಾಯ ಕಡಮೆಯಿರುವ ಜೀವಿಗೆ ದುರಸ್ತಿಯ ವೆಚ್ಚ ಸಾರ್ಥಕ. ಹೀಗೆ ಮುಪ್ಪೆಂಬುದು ದುರಸ್ತಿಯ ವೆಚ್ಚವನ್ನು ಎಷ್ಟಕ್ಕೆ ನಿಲ್ಲಿಸಲಾಗಿದೆಯೋ ಅದರ ಪರಿಣಾಮ. ಪ್ರತಿಮಾಡುವಾಗ ನುಸುಳುವ ಲಿಪಿಕಾರನ ಪ್ರಮಾದ, ಪಾಠಾಂತರಗಳಂತೆ ಡಿಎನ್‌ಎಯ ಪ್ರತಿಯಲ್ಲಿಯೂ ತಪ್ಪುಗಳು ನುಸುಳುತ್ತವೆ. ದೃಷ್ಟಾಂತ ಇಷ್ಟಕ್ಕೇ ನಿಲ್ಲುತ್ತದೆ. ಲಿಪಿಕಾರನಿಗೆ ಉದ್ದೇಶವಿತ್ತು, ನೈಸರ್ಗಿಕ ಆಯ್ಕೆಗೆ ಉದ್ದೇಶವಿಲ್ಲ.

ಸಿದ್ಧಾಂತ ಎಷ್ಟು ಸೊಗಸಾಗಿದ್ದರೂ ನಿದರ್ಶನ ಬೇಕು. ಕೇವಲ 7 ಗ್ರಾಂ ತೂಕದ ಬ್ರಾಂಟ್ ಬಾವಲಿಯೊಂದು ಸೈಬೀರಿಯದಲ್ಲಿ 41 ವರ್ಷ ಬದುಕಿದುದು ದಾಖಲಾಗಿದೆ. ಹಾರುವ ಶಕ್ತಿ, ಗುಹೆಯ ಆಸರೆಗಳಿಂದ ಬಾವಲಿಗೆ ಬೇಟೆಯ ಭಯ ಕಡಮೆ. ಅಮೆರಿಕದ ಕರಾವಳಿಯಾಚೆ, ಬೇಟೆಗಾರ ಮೃಗಗಳಿಲ್ಲದ ದ್ವೀಪವೊಂದರಲ್ಲಿ ಸಾವಿರಾರು ವರ್ಷ ಬಾಳಿದ ಆಪಾಸಮ್ ಎಂಬ ಪ್ರಾಣಿಗಳಿಗೆ ನೆಲನಾಡಿನ ತಮ್ಮ ದಾಯಾದಿಗಳಿಗಿಂತ ಮುಪ್ಪು ನಿಧಾನವಾಗಿ ಬರುತ್ತದೆ ಎಂದು ಸ್ಟೀವನ್ ಆಸ್ಟಾಡ್ 1993ರಲ್ಲಿ ಪ್ರಕಟಿಸಿದರು. ಆ ದ್ವೀಪದ ತಾಯಿಗಳು ಒಂದು ಸೂಲಿಗೆ ಹಾಕುವ ಮರಿಗಳೂ ಕಡಮೆ. ಹಣ್ಣಿನ ನೊಣಗಳಲ್ಲಿ ತಡವಾಗಿ ಇಟ್ಟ ಮೊಟ್ಟೆಗಳಿಂದ ಮಾತ್ರ ಮುಂದಿನ ಪೀಳಿಗೆಯನ್ನು ಬೆಳೆಸುತ್ತ ಹೋದಾಗ ನೊಣಗಳ ಆಯುಸ್ಸು ಹೆಚ್ಚಿತೆಂದು ಮೈಕೆಲ್ ರೋಸ್ ಮೊದಲಾದವರು 1980ರ ದಶಕದಲ್ಲಿ ತೋರಿಸಿದರು. ಆಯುಸ್ಸು ಕಲ್ಲಿನಲ್ಲಿ ಕೊರೆದುದಲ್ಲ, ಬಾಳಿನ ಪರಿಸ್ಥಿತಿಗೆ ತಕ್ಕಂತೆ ಪೀಳಿಗೆಗಳಲ್ಲಿ ರೂಪುಗೊಂಡುದು ಎಂಬುದು ಇವುಗಳಿಂದ ವೇದ್ಯವಾಗುತ್ತದೆ.

ಮನುಷ್ಯನ ಮುಪ್ಪು

ವಯಸ್ಕ ಮನುಷ್ಯನಿಗೆ ಒಂದು ವರ್ಷದಲ್ಲಿ ಸಾವು ಒದಗುವ ಸಂಭವ ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿಸುತ್ತದೆ. ಹೀಗೆ ವಯಸ್ಸಿನೊಡನೆ ಸಾವಿನ ಸಂಭವ ಗುಣಿಸುತ್ತ ಏರುವ ನಿಯಮವನ್ನು 1825ರಲ್ಲಿ ಕಂಡುಕೊಂಡವರು ಇಂಗ್ಲೆಂಡಿನ ಬೆಂಜಮಿನ್ ಗೊಂಪರ್ಟ್ಸ್. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುರ್ಮಾನ ಸುಮಾರು 32 ವರ್ಷವಿದ್ದುದು ಇಂದು ಸುಮಾರು 70ಕ್ಕೆ ಏರಿದೆ. ಅಂದಿನವರು ಮೂವತ್ತೆರಡಕ್ಕೇ ಮುದುಕರಾಗುತ್ತಿದ್ದರೆಂದು ಇದರ ಅರ್ಥವಲ್ಲ. ಶಿಶುಗಳೂ ಬಾಣಂತಿಯರೂ ಸೋಂಕು ರೋಗಗಳಿಗೆ ಬಲಿಯಾಗುತ್ತಿದ್ದುದೇ ಸರಾಸರಿಯನ್ನು ತಗ್ಗಿಸಿತ್ತು. ಮಲೇರಿಯ, ಸಿಡುಬು, ಪ್ಲೇಗುಗಳನ್ನು ಹತ್ತಿಕ್ಕಿದುದರಿಂದ ಮುಪ್ಪನ್ನು ತಲಪುವವರ ಸಂಖ್ಯೆ ಹೆಚ್ಚಿತು. ಮುಪ್ಪಿನ ಮೇರೆಯಂತೂ ಅಷ್ಟಾಗಿ ಸರಿದಿಲ್ಲ. ದೃಢಪಟ್ಟ ಅತಿ ದೀರ್ಘ ಆಯುಸ್ಸು 1997ರಲ್ಲಿ ತೀರಿಕೊಂಡ ಫ್ರಾನ್ಸಿನ ಜಾನ್ ಕಾಲ್ಮಾನ್ ಎಂಬ ಮಹಿಳೆಯ 122 ವರ್ಷ.

ಮನುಷ್ಯರ ವಿಷಯದಲ್ಲಿ ಇನ್ನೊಂದು ವಿಶೇಷವಿದೆ. ಹೆರುವ ಕಾಲ ಸುಮಾರು ಐವತ್ತಕ್ಕೆ ಮುಗಿದ ಮೇಲೂ ಸ್ತ್ರೀಯರು ದಶಕಗಳ ಕಾಲ ಗಟ್ಟಿಮುಟ್ಟಾಗಿ ಬಾಳುತ್ತಾರೆ. ಸಂತಾನವೇ ಸರ್ವಸ್ವವಾಗಿದ್ದರೆ ಕುರಿಂಜಿಯಂತೆ ಅಲ್ಲಿಗೇ ಬಾಳು ಮುಗಿಯಬೇಕಿತ್ತು. ತಾಂಜಾನಿಯದಲ್ಲಿ ಗೆಡ್ಡೆಗೆಣಸು ಅಗೆದು, ಬೇಟೆಯಾಡಿ ಬಾಳುವ ಹಾಡ್ಜಾ ಜನರನ್ನು ಅಧ್ಯಯನ ಮಾಡಿದ ಕ್ರಿಸ್ಟೆನ್ ಹಾಕ್ಸ್ ಮತ್ತು ಸಂಗಡಿಗರು, ಅಜ್ಜಿಯರು ಅಗೆದು ತರುವ ಆಹಾರದಿಂದ ಮೊಮ್ಮಕ್ಕಳು ಬದುಕುಳಿಯುವುದೇ ಈ ದೀರ್ಘಾಯುಸ್ಸಿಗೆ ಕಾರಣವಿರಬೇಕೆಂದು 1998ರಲ್ಲಿ ವಾದಿಸಿದರು. ಆನೆಗಳಲ್ಲಿಯೂ ಇದಕ್ಕೆ ಹೋಲುವ ಸಂಗತಿಯಿದೆ. ಕೀನ್ಯಾದ ಅಂಬೊಸೆಲಿಯಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹಿರಿಯ ಪ್ರಾಯದ ಹೆಣ್ಣಾನೆ ಮುಂದಾಳಾದ ಹಿಂಡು ಪರಿಚಿತರ ಕೂಗನ್ನೂ ಅಪರಿಚಿತರ ಕೂಗನ್ನೂ ಹೆಚ್ಚು ಚೆನ್ನಾಗಿ ಗುರುತಿಸುತ್ತದೆ; ಅಂಥ ಹಿಂಡಿನಲ್ಲಿ ಮರಿಗಳೂ ಹೆಚ್ಚು. ದವಡೆಹಲ್ಲು ಸವೆಯುತ್ತಿದ್ದರೂ ಆ ಮುದಿಯಾನೆಯ ನೆನಪು ಹಿಂಡಿನ ಆಸ್ತಿ. ಮನುಷ್ಯಕುಲದಲ್ಲಿ ಹಿರಿಯರು ಎಡೆಮಾಡಿಕೊಡಲು ಮುದುಕರಾದುದಲ್ಲ. ಅವರಿಂದ ಕಿರಿಯರಿಗೆ ಪ್ರಯೋಜನವಾದುದರಿಂದಲೇ ಮುಪ್ಪಿನವರೆಗಿನ ಬಾಳು ನಮ್ಮ ಕುಲಕ್ಕೆ ದೊರೆತಿದೆ ಎಂಬುದನ್ನು ಈ ಶೋಧಗಳು ಸೂಚಿಸುತ್ತವೆ.

ಇದುವರೆಗಿನ ವಿವೇಚನೆಯಿಂದ ಎರಡು ಮಾತು ಫಲಿಸುತ್ತವೆ. ಮರಣವೆಂಬ ಹೆಸರು ಒಂದೇ ಆದರೂ ಅದರ ಬಗೆ ಒಂದೇ ಅಲ್ಲ. ಕುರಿಂಜಿಯದು ಕೊಟ್ಟು ಮುಗಿಸುವ ಮರಣ. ಕಾಂಡಕೊರಕ ಹೊಕ್ಕ ಕಾಫಿಗಿಡದ್ದು ಹೊರಗಿನಿಂದ ಬಂದ ಮರಣ. ಆನೆಯದೂ ಮನುಷ್ಯನದೂ ದುರಸ್ತಿ ನಿಂತ ಮೇಲಿನ ಮರಣ. ಒಂದರ ನ್ಯಾಯವನ್ನು ಇನ್ನೊಂದಕ್ಕೆ ಅನ್ವಯಿಸಬಾರದು. ಹಣ್ಣೆಲೆಯ ಉಪಮೆ ಎಲೆಗೆ ಸಲ್ಲುತ್ತದೆ, ಅಜ್ಜಿಗೆ ಸಲ್ಲುವುದಿಲ್ಲ. ಮರಣವನ್ನು ಯಾವ ಭಾವದಿಂದ ಎದುರುಗೊಳ್ಳಬೇಕೆಂಬುದು ಶರಣರ ಅನುಭಾವಕ್ಕೆ ಸೇರಿದ ವಿಷಯ. ಅದಕ್ಕೆ ಜೀವಶಾಸ್ತ್ರ ಉತ್ತರ ಕೊಡದು, ಕೊಡಬೇಕಾಗಿಯೂ ಇಲ್ಲ. ಆದರೆ ವೃದ್ಧರನ್ನು ಕಡೆಗಣಿಸುವವರು ಪ್ರಕೃತಿಯ ಹೆಸರನ್ನು ಸಾಕ್ಷಿಗೆ ಕರೆಯುವಂತಿಲ್ಲ ಎಂಬಷ್ಟನ್ನು ಅದು ಸ್ಪಷ್ಟವಾಗಿ ಹೇಳಬಲ್ಲದು.

ಎರಡನೆಯ ಮಾತು ಗಿರಿಗೆ ಸಂಬಂಧಿಸಿದುದು. ಪ್ರತಿವರ್ಷ ಹೂಬಿಡುವ ಗಿಡ ಒಂದು ವರ್ಷ ಕೆಟ್ಟರೆ ಮರುವರ್ಷ ಹೂಬಿಟ್ಟೀತು. ಹನ್ನೆರಡು ವರ್ಷ ಕೂಡಿಟ್ಟು ಒಮ್ಮೆಗೇ ಕೊಡುವ ಗಿಡಕ್ಕೆ ಹನ್ನೊಂದನೆಯ ವರ್ಷದಲ್ಲಿ ಬೆಂಕಿಯೋ ಗುದ್ದಲಿಯೋ ತಗುಲಿದರೆ ಅದರ ಬಾಳೆಲ್ಲ ಬೀಜವಿಲ್ಲದೆ ಮುಗಿದಂತೆ. ಅರಳಿದ ವರ್ಷದಲ್ಲಿ ಕಿತ್ತ ಕೊಂಬೆಯೂ ಬೀಜವಾಗದೆ ಹೋಗುತ್ತದೆ. 2022ರಲ್ಲಿ ಉದುರಿದ ಬೀಜಗಳ ಪೀಳಿಗೆ ಈಗ ಅತ್ತಿಗುಂಡಿಯ ಮೇಲಣ ಇಳಿಜಾರುಗಳಲ್ಲಿ ಹೂವಿಲ್ಲದ ಹಸಿರು ಪೊದೆಯಾಗಿ ನಿಂತಿದೆ. ಹನ್ನೆರಡರ ಲೆಕ್ಕ ತಪ್ಪದಿದ್ದರೆ ಅದು ಅರಳಬೇಕಾದುದು 2034ರಲ್ಲಿ. ಹೂವನ್ನು ನೋಡಲು ಬರುವವರು ಹನ್ನೆರಡು ವರ್ಷಕ್ಕೊಮ್ಮೆ ಬಂದರೂ ಸಾಕು. ಆ ಪೊದೆಗಳನ್ನು ಕಾಯುವ ಕೆಲಸ ನಡುವಿನ ಎಲ್ಲ ವರ್ಷಗಳಿಗೂ ಸೇರಿದುದು.